ಮನೆ ದಾವಣಗೆರೆ, ಡ್ಯೂಟಿ ದೇವನಹಳ್ಳಿ: ಪೈಲಟ್ ಆದವನಿಗೆ ಇದು ಆಗುತ್ತಾ?

ನಿಟ್ಟುವಳ್ಳಿ ಅಣ್ಣ:
ನನ್ನ ತಮ್ಮ ಕೋ-ಪೈಲಟ್. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು. ಈಗ ವಿಮಾನ ನಿಲ್ದಾಣದ ಹತ್ತಿರ ಬಾಡಿಗೆ ಮನೆಯಲ್ಲಿದ್ದಾನೆ. ಅವನ ಹೆಂಡತಿಗೆ ಇಲ್ಲೇ ದಾವಣಗೆರೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದೆ. ಅಪ್ಪನಿಗೂ ವಯಸ್ಸಾಯಿತು. ಬಾಡಿಗೆ ಮನೆ ಖಾಲಿ ಮಾಡಿ ಊರಿಗೇ ಬರುತ್ತೇನೆ, ಡ್ಯೂಟಿ ಇದ್ದಾಗ ಕಾರಲ್ಲಿ ಹೋಗಿಬರುತ್ತೇನೆ ಅಂತಾನೆ. ಅಮ್ಮನಿಗೆ ಖುಷಿಯೋ ಖುಷಿ. ನನಗೆ ಯಾಕೋ ಸಮಾಧಾನ ಇಲ್ಲ. ಈ ಕೆಲಸ ಬಲ್ಲವರು ಹೇಳಿ.

ಪಿ.ಜೆ. ಬಡಾವಣೆ:
ಬರಲಿ ಬಿಡಿ ಅಣ್ಣ, ಏನಾಗುತ್ತೆ? ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರಿಸುವ ಹಾಗಿಲ್ಲ ಅಂತ ನಿಯಮವೇ ಇದೆ. ಆಫೀಸಿಗೆ ಹೋಗುವ ನಾವೆಲ್ಲ ಅದರ ಎರಡರಷ್ಟು ದುಡಿಯುತ್ತೇವೆ. ಅಮೆರಿಕದಲ್ಲಿ ಎಷ್ಟೋ ಪೈಲಟ್‌ಗಳ ಮನೆ ಒಂದು ರಾಜ್ಯದಲ್ಲಿ, ಬೇಸ್ ಇನ್ನೊಂದು ರಾಜ್ಯದಲ್ಲಿ. ನಮಗೆ ಇರೋದು ಒಂದು ಹೆದ್ದಾರಿ, ಐದು ಗಂಟೆ. ಅಪ್ಪ ಅಮ್ಮನ ಜೊತೆ ಇರಬೇಕು ಅನ್ನುವ ಹುಡುಗನನ್ನು ತಡೆಯಬೇಡಿ.

ಟರ್ಬೊಪ್ರಾಪ್:
ನಾನೂ ಇದೇ ಕೆಲಸದವನು. ಆ 1000 ಗಂಟೆ ಅನ್ನೋದು ವಿಮಾನ ಅಲುಗಾಡಿದಾಗಿನಿಂದ ನಿಲ್ಲುವವರೆಗಿನ ಲೆಕ್ಕ ಮಾತ್ರ ಸರ್. ಅದಕ್ಕೆ ಮುಂಚಿನ ರಿಪೋರ್ಟಿಂಗ್, ಎರಡು ಹಾರಾಟದ ನಡುವಿನ ಕಾಯುವಿಕೆ, ಮಂಜು ಬಿದ್ದು ತಡವಾದದ್ದು ಯಾವುದೂ ಅದರಲ್ಲಿ ಬರಲ್ಲ. ಅದು ಡ್ಯೂಟಿ ಗಂಟೆ, ಅದರ ಮಿತಿಯೇ ಬೇರೆ.

ಬೆಳಿಗ್ಗೆ 5.30ಕ್ಕೆ ವಿಮಾನ ಹೊರಡಬೇಕು ಅಂದುಕೊಳ್ಳಿ. ಒಂದು ಗಂಟೆಗೂ ಮುಂಚೆ ರಿಪೋರ್ಟ್ ಮಾಡಬೇಕು. ಬೆಂಗಳೂರಿನಲ್ಲೇ ಇದ್ದರೆ ಎರಡೂವರೆಗೆ ಎದ್ದರೆ ಸರಿಹೋಗುತ್ತೆ. ದಾವಣಗೆರೆಯಿಂದ ಆದರೆ ಹಿಂದಿನ ರಾತ್ರಿ ಹತ್ತಕ್ಕೇ ಕಾರು ಹತ್ತಬೇಕು. ನಿದ್ದೆ ಎಲ್ಲಿ? ಕಂಪನಿಯವರು ಬೇರೆ ಊರಿಗೆ ಪ್ರಯಾಣಿಕನಾಗಿ ಕಳಿಸಿದರೆ, ನಾವು ಡೆಡ್‌ಹೆಡ್ ಅಂತೀವಿ, ಅದು ಡ್ಯೂಟಿಗೆ ಸೇರುತ್ತೆ. ಮನೆಯಿಂದ ಬೇಸ್‌ಗೆ ಸ್ವಂತವಾಗಿ ಹೋದ ಹೊತ್ತು ಸೇರಲ್ಲ. ಅದು ವಿಶ್ರಾಂತಿಯ ಲೆಕ್ಕದೊಳಗೇ ಕಳೆದುಹೋಗುತ್ತೆ. ಎರಡು ಡ್ಯೂಟಿ ನಡುವೆ ಕನಿಷ್ಠ 12 ಗಂಟೆ ಬಿಡುವು ಅಂತ ಕಾಗದದಲ್ಲಿ ಇರುತ್ತೆ. ಅದರಲ್ಲಿ ಹತ್ತು ಗಂಟೆ ರಸ್ತೆಗೇ ಹೋದರೆ ಉಳಿಯೋದೇನು?

ರಾತ್ರಿ ರೂಟು:
ನಾನು ಬಸ್ ಚಾಲಕ. ದಾವಣಗೆರೆ–ಬೆಂಗಳೂರು ರಾತ್ರಿ ಗಾಡಿ ಓಡಿಸಿದವನು. ವಿಮಾನದ ವಿಷಯ ನನಗೆ ಬೇಡ, ರಸ್ತೆ ವಿಷಯ ಹೇಳುತ್ತೇನೆ. ಹಿರಿಯೂರು ದಾಟಿದ ಮೇಲೆ ಶಿರಾವರೆಗೆ ರಸ್ತೆ ನೆಟ್ಟಗೆ, ಗಾಡಿ ಸುಮ್ನೆ ಹೋಗ್ತಾ ಇರುತ್ತೆ. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ತೆರೆದೇ ಇರುತ್ತೆ, ತಲೆ ಮಾತ್ರ ಮಲಗಿರುತ್ತೆ. ಟೀ ಕುಡಿದರೂ ಅಷ್ಟೇ, ಮುಖ ತೊಳೆದರೂ ಅಷ್ಟೇ. ಹಗಲು ಮಲಗಿ ಎದ್ದು ಬರುವ ನಮಗೇ ಹೀಗೆ. ಡ್ಯೂಟಿ ಮುಗಿಸಿ ದಣಿದ ಹುಡುಗ ಒಬ್ಬನೇ ಕಾರು ಓಡಿಸಿಕೊಂಡು ಬರೋದು ಬೇಡವೇ ಬೇಡ ಅಣ್ಣ.

ಎಂ.ಸಿ.ಸಿ. ಬಿ ಬ್ಲಾಕ್:
ಚಾಲಕರು ಹೇಳಿದ್ದು ಅಕ್ಷರಶಃ ಸರಿ. ನಾನು ವೈದ್ಯ. ರಾತ್ರಿ ಎರಡರಿಂದ ಆರರವರೆಗೆ ದೇಹ ತೀರಾ ಮಂದವಾಗಿರುತ್ತೆ. ವಿಮಾನದ ನಿಯಮಗಳೂ ಈ ಹೊತ್ತನ್ನು ಬೇರೆಯಾಗಿ ಗುರುತಿಸಿವೆ. ಗಾಢ ನಿದ್ದೆಯಿಂದ ಥಟ್ಟನೆ ಎದ್ದರೂ ಸ್ವಲ್ಪ ಹೊತ್ತು ಬುದ್ಧಿ ಪೂರ್ತಿ ಚುರುಕಾಗಲ್ಲ.

ನಮ್ಮ ಮಂಗಳೂರಿನ ದುರಂತ ಮರೆಯೋಕಾಗುತ್ತಾ? 2010ರ ಮೇ 22, ದುಬೈನಿಂದ ಬಂದ ವಿಮಾನ. ಇಳಿದದ್ದು ಬೆಳಿಗ್ಗೆ ಆರರ ಸುಮಾರಿಗೆ. 158 ಜನ ಹೋದರು, ಉಳಿದವರು ಎಂಟೇ ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಮಲಗಿದ್ದರು. ಇಳಿಯುವ ಹಾದಿ ಸರಿಯಿಲ್ಲ, ಮತ್ತೆ ಮೇಲಕ್ಕೆ ಹೋಗೋಣ ಅಂತ ಕೋ-ಪೈಲಟ್ ಹೇಳಿದರೂ ಬಿಡದೆ ಇಳಿಸಿದರು. ಆ ನಿದ್ದೆಯ ಮಂಪರನ್ನು ತನಿಖಾ ವರದಿ ಪೂರಕ ಕಾರಣಗಳಲ್ಲಿ ಸೇರಿಸಿದೆ.

ಪಿ.ಜೆ. ಬಡಾವಣೆ:
ಡಾಕ್ಟ್ರೇ, ಆ ಕ್ಯಾಪ್ಟನ್ ದಾವಣಗೆರೆಯಿಂದ ಕಾರಲ್ಲಿ ಬಂದವರಲ್ಲ. ಅದನ್ನು ಇದಕ್ಕೆ ಗಂಟು ಹಾಕಬೇಡಿ. ಕಾರು ಬೇಡ ಅನ್ನೋದನ್ನು ಒಪ್ಪಿದೆ. 2023ರಿಂದ ವಂದೇ ಭಾರತ್ ಇದೆಯಲ್ಲ. ಮಧ್ಯಾಹ್ನ ಇಲ್ಲಿ ಹತ್ತಿದರೆ ಸಂಜೆ ಯಶವಂತಪುರ.

ಟರ್ಬೊಪ್ರಾಪ್:
ರೈಲಿನ ಸಮಯ ಬದಲಾಗಲ್ಲ, ನಮ್ಮ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬದಲಾಗುತ್ತೆ. ಅದೇ ಕಷ್ಟ. ಸ್ಟ್ಯಾಂಡ್‌ಬೈ ದಿನ ಬೇರೆ ಇರುತ್ತೆ. ಫೋನ್ ಬಂದರೆ ಸ್ವಲ್ಪ ಹೊತ್ತಲ್ಲೇ ಹಾಜರಾಗಬೇಕು. ಅವತ್ತು ದಾವಣಗೆರೆಯಲ್ಲಿ ಕೂರೋಕೆ ಆಗಲ್ಲ.

ಅಮೆರಿಕದ ಮಾತು ಎತ್ತಿದಿರಿ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಕೋ-ಪೈಲಟ್ ಮನೆ ಸಿಯಾಟಲ್ ಕಡೆ, ಬೇಸ್ ದೇಶದ ಇನ್ನೊಂದು ತುದಿಯ ನ್ಯೂವಾರ್ಕ್. ಆಕೆ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ಬಂದು ಡ್ಯೂಟಿಗೆ ನಿಂತಿದ್ದರು. ಆಗ ಆಕೆಗೆ 24 ವರ್ಷ, ಸಂಬಳ ಬಹಳ ಕಡಿಮೆ. ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್ ವಿಮಾನವನ್ನು ತಪ್ಪಾಗಿ ನಡೆಸಿದ್ದು. ಆದರೆ ಇಬ್ಬರಿಗೂ ದಣಿವಿದ್ದಿರಬೇಕು ಅಂತ ತನಿಖೆ ಹೇಳಿತು. ಆಮೇಲೆ ಅಲ್ಲಿ ದಣಿವಿನ ನಿಯಮಗಳನ್ನೇ ಹೊಸದಾಗಿ ಬರೆದರು. ಹಾಗಾಗಿ ಅಲ್ಲಿ ನಡೆಯುತ್ತೆ ಅನ್ನೋದು ನನಗೆ ಧೈರ್ಯ ಕೊಡಲ್ಲ.

ವಿದ್ಯಾನಗರದ ಅಕ್ಕ:
ಎಲ್ಲರೂ ನಿದ್ದೆ ಬಗ್ಗೆ ಹೇಳಿದಿರಿ, ಸರಿ. ಹುಡುಗನ ಹೆಂಡತಿಯ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಮನೆಯವರೂ ವಿಮಾನದ ಕೆಲಸದಲ್ಲೇ ಇರೋದು. ನಾನೂ ಮಕ್ಕಳೂ ಇಲ್ಲಿ, ಅವರು ಅಲ್ಲಿ. ಮೊದಲು ವಾರದ ವಿಶ್ರಾಂತಿ 36 ಗಂಟೆ ಇತ್ತು. ಬಂದು ಬ್ಯಾಗು ಇಡುವಷ್ಟರಲ್ಲಿ ಹೊರಡುವ ಹೊತ್ತಾಗ್ತಿತ್ತು. 2025ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು 48 ಗಂಟೆ ಮಾಡಿತು. ಆ 12 ಗಂಟೆ ನಮಗೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಈಗ ಮಕ್ಕಳ ಜೊತೆ ಇಡೀ ಒಂದು ದಿನ ಇರುತ್ತಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ನಿಯಮಕ್ಕೆ ಪೈಲಟ್‌ಗಳು ಸಾಲದೆ ಇಂಡಿಗೊ ವಿಮಾನಗಳು ಸಾಲಾಗಿ ರದ್ದಾದಾಗ, ಪೈಲಟ್‌ಗಳಿಗೆ ಇಷ್ಟೊಂದು ರಜೆ ಯಾಕೆ ಅಂತ ಜನ ಬೈದರು. ಬಹಳ ನೋವಾಯಿತು. ಹೊಸ ನಿಯಮ ಬರುತ್ತೆ ಅಂತ 2024ರ ಜನವರಿಯಲ್ಲೇ ಹೇಳಿದ್ದರಲ್ಲ, ಅಷ್ಟರೊಳಗೆ ಕಂಪನಿ ಇನ್ನಷ್ಟು ಪೈಲಟ್‌ಗಳನ್ನು ತಗೋಬೇಕಿತ್ತು.

ಅಣ್ಣ, ನಿಮ್ಮ ತಮ್ಮನ ಹೆಂಡತಿ ಕೆಲಸ ಬಿಡೋದು ಬೇಡ. ಅವನು ಅಲ್ಲಿನ ಮನೆ ಪೂರ್ತಿ ಬಿಡೋದೂ ಬೇಡ. ಇನ್ನಿಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆ ಇಟ್ಟುಕೊಳ್ಳಲಿ. ಬಾಡಿಗೆ ಹಂಚಿಕೊಂಡರೆ ಭಾರ ಆಗಲ್ಲ.

ಹಿರಿಯೂರು:
ಶಿವಮೊಗ್ಗ ವಿಮಾನ ನಿಲ್ದಾಣ ದಾವಣಗೆರೆಗೆ ಹತ್ತಿರ ಅಲ್ವಾ? ಅಲ್ಲಿಂದಲೇ ಹಾರಬಹುದಲ್ಲ?

ಟರ್ಬೊಪ್ರಾಪ್:
ವಿಮಾನ ಬಂದುಹೋಗುವ ಊರೆಲ್ಲ ಬೇಸ್ ಆಗಲ್ಲ. ಅಲ್ಲಿಂದ ಪ್ರಯಾಣಿಕನಾಗಿ ಬೆಂಗಳೂರಿಗೆ ಬರಬಹುದು. ಆದರೆ ಸಿಬ್ಬಂದಿ ರಿಯಾಯಿತಿಯಲ್ಲಿ ಸಾಮಾನ್ಯವಾಗಿ ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸುತ್ತಾರೆ. ಅದನ್ನು ನಂಬಿ ಡ್ಯೂಟಿ ಒಪ್ಪಿಕೊಳ್ಳಬಾರದು.

ಪಿ.ಜೆ. ಬಡಾವಣೆ:
ಅಕ್ಕ ಹೇಳಿದ್ದು ಒಪ್ಪುತ್ತೇನೆ. ಆದರೂ ಒಂದು ಮಾತು. ಸಣ್ಣ ಊರಿನ ಮಕ್ಕಳೂ ಈಗ ಪೈಲಟ್ ಆಗ್ತಿದ್ದಾರೆ. ಇಷ್ಟು ದಿನ ಸತತ ಡ್ಯೂಟಿ, ಇಷ್ಟು ದಿನ ಸತತ ರಜೆ ಅಂತ ಕಂಪನಿಗಳು ನಿಗದಿ ಮಾಡಿದರೆ ಎಲ್ಲರಿಗೂ ಅನುಕೂಲ. ಎಲ್ಲ ಹೊರೆಯನ್ನೂ ಹುಡುಗನ ಮೇಲೇ ಹಾಕೋದು ನ್ಯಾಯ ಅಲ್ಲ.

ನಿಟ್ಟುವಳ್ಳಿ ಅಣ್ಣ:
ಎಲ್ಲರಿಗೂ ಧನ್ಯವಾದ. ರಾತ್ರಿ ಕಾರು ಬೇಡ ಅಂತ ಇವತ್ತೇ ಹೇಳುತ್ತೇನೆ. ಕೋಣೆ ಇಟ್ಟುಕೊಂಡು ವಾರದ ರಜೆಗೆ ಬಂದರೆ, ವಾಪಸ್ ಯಾವಾಗ ಹೊರಡಬೇಕು?

ಟರ್ಬೊಪ್ರಾಪ್:
ಮರುದಿನ ನಸುಕಿನ ಡ್ಯೂಟಿ ಇದ್ದರೆ ಹಿಂದಿನ ದಿನ ಬೆಳಿಗ್ಗೆಯೇ ಹೊರಡಲಿ. ಅಷ್ಟು ಬೇಗ ಎದ್ದೇಳಬೇಕಾದರೆ ಸಂಜೆ ಏಳಕ್ಕೆಲ್ಲ ಮಲಗಬೇಕು, ಮಧ್ಯಾಹ್ನದ ವಂದೇ ಭಾರತ್ ಆ ಹೊತ್ತಿಗೆ ತಲುಪಿಸಲ್ಲ. ರಜೆ ಮುಗಿದ ಮೊದಲ ದಿನ ಮಧ್ಯಾಹ್ನದ ಡ್ಯೂಟಿ ಕೊಡಿ ಅಂತ ರೋಸ್ಟರ್ ವಿಭಾಗಕ್ಕೆ ಬರೆದು ಕೇಳಲಿ. ಪ್ರತಿ ಸಲ ಸಿಗಲ್ಲ, ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತೆ.