ತಾಮ್ರದ ತಗಡು: ಬ್ರಿಟಿಷ್ ನೌಕಾಪಡೆ 18 ವರ್ಷ ಕಾದದ್ದೇಕೆ?

ಮಡಿಕೇರಿ ಓದುಗ:
ಹಡಗಿನ ತಳಕ್ಕೆ ತಾಮ್ರ ಹೊದಿಸುವ ಪ್ರಯೋಗ 'ಅಲಾರ್ಮ್' ಹಡಗಿನ ಮೇಲೆ 1761ರಲ್ಲೇ ಆಗಿತ್ತು. ಹುಳು ಕೊರೆಯಲಿಲ್ಲ, ಪಾಚಿ ಹಿಡಿಯಲಿಲ್ಲ. ಆದರೂ ಇಡೀ ಪಡೆಗೆ ಹೊದಿಸಲು ಕೈಹಾಕಿದ್ದು 1779ರಲ್ಲಿ. ಕಚೇರಿಯ ಕಡತ ಮಲಗಿತ್ತೋ, ಬೇರೆ ಕಾರಣವಿತ್ತೋ?

ಗೋಣಿಕೊಪ್ಪ ಮೇಷ್ಟ್ರು:
ಎಲ್ಲವನ್ನೂ ಕಡತದ ತಲೆಗೆ ಕಟ್ಟಬೇಡಿ. 'ಅಲಾರ್ಮ್' ವೆಸ್ಟ್ ಇಂಡೀಸ್‌ನಿಂದ ಮರಳಿದ ಮೇಲೆ 1763ರಲ್ಲಿ ತಗಡು ಬಿಚ್ಚಿ ನೋಡಿದರು. ಮರ ಚೆನ್ನಾಗಿತ್ತು, ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದ ಎಲ್ಲಿ ಅಂಟಿಕೊಂಡೇ ಉಳಿದಿತ್ತೋ ಅಲ್ಲಿನ ಮೊಳೆ ಗಟ್ಟಿಯಾಗಿತ್ತು. ಕಾರಣ ವಿವರಿಸುವ ವಿಜ್ಞಾನ ಆಗಿನ್ನೂ ಇರಲಿಲ್ಲ (ವೋಲ್ಟಾನ ಬ್ಯಾಟರಿ 1800ರದು), ಆದರೆ ಎರಡು ಲೋಹ ತಾಗಬಾರದೆಂಬುದು ಗೊತ್ತಾಗಿತ್ತು.

ನನ್ನ ಪ್ರಕಾರ ಅವರು ಎಡವಿದ್ದು ತಡದಲ್ಲಲ್ಲ, ಅವಸರದಲ್ಲಿ. 1779ರಲ್ಲಿ ಫ್ರಾನ್ಸ್, ಸ್ಪೇನ್ ಎರಡೂ ಎದುರು ನಿಂತವು, ಹಡಗು ಸಾಲದು. ತಾಮ್ರ ಹೊದ್ದ ಹಡಗು ಬೇಗ ಓಡುತ್ತದೆ, ದುರಸ್ತಿಗೆಂದು ಹಡಗುಕಟ್ಟೆಗೆ ಬರುವುದೂ ಕಡಿಮೆ. ನೌಕಾ ಮಂಡಳಿಯ ಚಾರ್ಲ್ಸ್ ಮಿಡಲ್ಟನ್ ಕಬ್ಬಿಣದ ಬೋಲ್ಟುಗಳನ್ನು ಹಾಗೇ ಬಿಟ್ಟು, ನಡುವೆ ದಪ್ಪ ಕಾಗದ ಕೊಟ್ಟು ಹೊದಿಸಿಬಿಟ್ಟ. ಕಾಗದದ ಸಂದಿಯಲ್ಲಿ ಉಪ್ಪುನೀರು ಇಳಿಯಿತು. ಬೋಲ್ಟು ಸವೆಯುವುದು ಹಲಗೆಯ ಒಳಗೆ, ಹೊರಗಿನಿಂದ ಕಾಣುವುದೇ ಇಲ್ಲ! ತಾಮ್ರದ ಬೋಲ್ಟು ಹಾಕೋಣವೆಂದರೆ ಮೆತ್ತಗೆ, ಓಕ್ ಮರಕ್ಕೆ ಬಡಿದರೆ ಬಾಗುತ್ತದೆ. ಉರುಳೆಗಳ ನಡುವೆ ಹಾಯಿಸಿ ಗಟ್ಟಿ ಮಾಡಿದ ಬೋಲ್ಟು 1783ರ ಸುಮಾರಿಗೆ ಬಂತು, ಹಳೆಯದನ್ನು ಬದಲಾಯಿಸಿದ್ದು ಆಮೇಲೆ.

ವಿರಾಜಪೇಟೆ ತೋಟಗಾರ:
ಬೆಳೆಗೆ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವವರಿಗೆ ಇದು ಹೊಸದಲ್ಲ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದರೆ ಡ್ರಮ್ಮೇ ಹೋಗುತ್ತದೆ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಉಜ್ಜಿದ ಕತ್ತಿ ಅದ್ದಿ ನೋಡಿ, ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು.

ಗೋಣಿಕೊಪ್ಪ ಮೇಷ್ಟ್ರು:
ಹತ್ತಿರದ್ದೇ, ಆದರೆ ಪೂರ್ತಿ ಅದೇ ಅಲ್ಲ. ಡ್ರಮ್ಮಿನಲ್ಲಿ ನೀರಿನೊಳಗಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ. ಕಡಲಲ್ಲಿ ತಾಮ್ರ ಕರಗಲೇಬೇಕಿಲ್ಲ, ಕಬ್ಬಿಣಕ್ಕೆ ತಾಗಿದ್ದರೆ ಸಾಕು.

ಮಡಿಕೇರಿ ಓದುಗ:
ಹಾಗಾದರೆ ಬ್ರಿಟನ್ನಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಸತು ಕೂರಿಸಿ ತಾಮ್ರ ಉಳಿಸಿದ್ದು ಅದೇ ಸೂತ್ರದಿಂದಲೇ, ಮೇಷ್ಟ್ರೇ?

ಗೋಣಿಕೊಪ್ಪ ಮೇಷ್ಟ್ರು:
ಹೌದು, 1824ರಲ್ಲಿ. ಎರಡು ಲೋಹ ತಾಗಿದಾಗ ಒಂದು ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ; ಇಲ್ಲಿ ಉಳಿಯುವುದು ತಾಮ್ರ. ತಾಮ್ರದ ಮೇಲ್ಮೈಯ 40ರಲ್ಲಿ ಒಂದು ಪಾಲಿನಿಂದ 150ರಲ್ಲಿ ಒಂದು ಪಾಲಿನವರೆಗೆ ಸತು ಇಲ್ಲವೇ ಎರಕದ ಕಬ್ಬಿಣ ಇದ್ದರೆ ತಾಮ್ರ ಸವೆಯುವುದಿಲ್ಲವೆಂದು ತೋರಿಸಿದ. ನಿಜಕ್ಕೂ ಸವೆಯಲಿಲ್ಲ, ತೊಂದರೆ ಶುರುವಾದದ್ದೇ ಅಲ್ಲಿ. ಕರಗಿ ಬರುವ ತಾಮ್ರವೇ ಚಿಪ್ಪುಜೀವಿಗಳಿಗೆ ವಿಷ. ಅದು ನಿಂತಾಗ ತಳದ ತುಂಬ ಚಿಪ್ಪು ಮೆತ್ತಿ ಹಡಗು ಮಂದವಾಯಿತು. ದೂರದ ಯಾನ ಮುಗಿಸಿ ಬಂದ ಹಡಗನ್ನು ಎತ್ತಿ ನೋಡುವ ಮೊದಲೇ ಹಲವು ಹಡಗುಗಳಿಗೆ ಕೂರಿಸಿದ್ದರು. 1825ರಲ್ಲಿ ಕಡಲಿಗೆ ಹೋಗುವ ಹಡಗುಗಳಿಂದ ತೆಗೆಸಿದರು; ಬಂದರಿನಲ್ಲೇ ಕಟ್ಟಿಟ್ಟವಕ್ಕೆ ಇನ್ನೂ ಕೆಲಕಾಲ ಉಳಿದಿತ್ತು.