ಹಳೇ ಸ್ಕೀ ಬೈಂಡಿಂಗ್ ತಗೋಬೇಕಾ ಬೇಡ್ವಾ?

ರಘು: (ಫೋಟೋ) ಬೂಟನ್ನು ಸ್ಕೀಗೆ ಹಿಡಿದಿಡುವ ಪೂರ್ತಿ ಲೋಹದ ಬೈಂಡಿಂಗ್, ಡಿನ್ (ಎಷ್ಟು ಬಲಕ್ಕೆ ಬೂಟು ಬಿಚ್ಚಿಕೊಳ್ಳಬೇಕು ಅನ್ನುವ ಸಂಖ್ಯೆ) 6ರಿಂದ 16. ಹಳೇದೇ, ಆದರೆ ಎಷ್ಟು ಗಟ್ಟಿ ಇದೆ ನೋಡಿ! ಈಗಿನ ಪ್ಲಾಸ್ಟಿಕ್‌ನವು ಇಷ್ಟು ಬಾಳಿಕೆ ಬರುವುದಿಲ್ಲ. ತಗೊಳ್ಳೋಣ ಅಂತಿದ್ದೇನೆ.

ವೀಣಾ: ಬೇಡ ಕಣೋ. ನಿನ್ನ ಡಿನ್ ಎಷ್ಟು?

ರಘು: 6.

ವೀಣಾ: ಅಂದರೆ ಸ್ಪ್ರಿಂಗನ್ನು ಕೊನೇವರೆಗೆ ಸಡಿಲ ಮಾಡಬೇಕು. ನಮ್ಮ ಸಂಖ್ಯೆ ಆದಷ್ಟು ನಡುವೆ ಬೀಳಬೇಕು. ಮಾರ್ಕರ್ ಕಂಪನಿಯ ಗ್ರಿಫನ್ ಬೈಂಡಿಂಗ್ 4ರಿಂದ 13, ನಿನಗೆ ಧಾರಾಳ.

ಮಂಜು: ದೊಡ್ಡ ಸಂಖ್ಯೆಯದ್ದೇ ನಂಬಿಕೆ ಅಲ್ವಾ ವೀಣಾ? ವೇಗದಲ್ಲಿ ಸುಮ್‌ಸುಮ್ನೆ ಬಿಚ್ಚಿಕೊಂಡರೆ ಏನು ಗತಿ? ನಾನಂತೂ ಸ್ವಲ್ಪ ಜಾಸ್ತಿ ಬಿಗಿ ಮಾಡಿಯೇ ಇಳಿಯುವುದು.

ವೀಣಾ: ಬಿಚ್ಚಿಕೊಂಡದ್ದಕ್ಕೆಲ್ಲ ಸ್ಪ್ರಿಂಗನ್ನೇ ಯಾಕೆ ದೂರುತ್ತೀಯ? ಮೊದಲು ಬೂಟಿನ ತಳ ನೋಡು, ಹಿಮ ಕಲ್ಲಿನಂತೆ ಅಂಟಿರುತ್ತದೆ. ಆಮೇಲೆ ಹಿಂಭಾಗ ಬೂಟನ್ನು ಮುಂದಕ್ಕೆ ಒತ್ತುವ ಒತ್ತಡ. ಅದರ ಗುರುತು ಸರಿಯಾದ ಜಾಗದಲ್ಲಿ ಇರಬೇಕು. ಎರಡೂ ಸರಿಯಿದ್ದರೆ ಎಲಾಸ್ಟಿಕ್ ಟ್ರಾವೆಲ್ ನೋಡಬೇಕು. ಬೂಟು ಒಂದಿಷ್ಟು ಸರಿದು ಮತ್ತೆ ನಡುವಿಗೆ ಬಂದರೆ ಸಣ್ಣ ಹೊಡೆತಕ್ಕೆಲ್ಲ ಬಿಚ್ಚುವುದಿಲ್ಲ. ಲುಕ್ ಕಂಪನಿಯ ಪಿವಟ್ ಬೈಂಡಿಂಗ್‌ಗೆ ಹೆಸರು ಬಂದದ್ದೇ ಇದಕ್ಕೆ. ಬಿಗಿ ಮಾಡುತ್ತಾ ಹೋದರೆ ಬಿದ್ದಾಗಲೂ ಬಿಚ್ಚದೆ ಕಾಲು ತಿರುಚಿ ಮೂಳೆ ಮುರಿಯಬಹುದು ಮಂಜು, ದಯವಿಟ್ಟು ಹಾಗೆ ಮಾಡಬೇಡ.

ರಘು: ಆದರೂ ಲೋಹ ಲೋಹವೇ.

ವೀಣಾ: ಲೋಹ ಉಳಿಯುತ್ತದೆ, ಒಪ್ಪಿದೆ. ನಿನ್ನ ಫೋಟೋವನ್ನೇ ದೊಡ್ಡದು ಮಾಡಿ ನೋಡು. ಬೂಟಿನ ಮುಂಭಾಗ ಕೂರುವ ಕಡೆ ಬಿಳಿ ಪಟ್ಟಿ ಇದೆಯಲ್ಲ, ಅದರ ಒಂದು ಅಂಚು ಎದ್ದಿದೆ. ಬೂಟು ಪಕ್ಕಕ್ಕೆ ಜಾರಿ ಬಿಡಿಸಿಕೊಳ್ಳುವುದು ಆ ಟೆಫ್ಲಾನ್ ಮೇಲೆಯೇ. ಅದು ಹಾಳಾದರೆ ಸಂಖ್ಯೆ ತೋರಿಸುವ ಕಿಟಕಿಯಲ್ಲಿ 6 ಅಂತ ಕಂಡರೂ ಬಿಚ್ಚಲು ಬೇಕಾಗುವ ಬಲ ಬೇರೆಯೇ. ಜೊತೆಗೆ, ಕಂಪನಿ ಬೆಂಬಲ ನಿಲ್ಲಿಸಿದ ಮಾದರಿಯನ್ನು ಅಂಗಡಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಯಂತ್ರದಲ್ಲಿ ಪರೀಕ್ಷೆಯೂ ಆಗುವುದಿಲ್ಲ. ನಿನ್ನ ಹೊಸ ಬೂಟಿನದು ನಡೆಯಲು ಅನುಕೂಲವಾಗಲೆಂದು ಬಾಗಿಸಿದ ಗ್ರಿಪ್‌ವಾಕ್ ತಳ ಬೇರೆ. ಇಷ್ಟು ಹಳೇ ಬೈಂಡಿಂಗ್ ಮಾಡಿದ್ದು ಐಎಸ್‌ಒ 5355 ಅನ್ನುವ ಮಾನದಂಡದ ಚಪ್ಪಟೆ ತಳಕ್ಕೆ.

ಮಂಜು: ಗ್ರಿಪ್‌ವಾಕ್ ವಿಷಯ ನಿಜ ರಘು, ಅದು ಕೂರುವುದಿಲ್ಲ. ಬಿಗಿ ಮಾಡುವ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ.

ವೀಣಾ: ಹಾಗಾದರೆ ಇಬ್ಬರೂ ಕೇಳಿ. ಮುಂದಿನ ವರ್ಷ ನಮ್ಮ ಬ್ಯಾಚಿಗೆಲ್ಲ 50 ತುಂಬುತ್ತದೆ. ತೂಕ, ಎತ್ತರ ನೋಡಿ ಸಂಖ್ಯೆ ಹೇಳುವ ಡಿನ್ ಪಟ್ಟಿಯಲ್ಲಿ 50 ಆದವರು ಒಂದು ಸಾಲು ಮೇಲಕ್ಕೆ ಹೋಗಬೇಕು, ಅಂದರೆ ಸಂಖ್ಯೆ ಕಡಿಮೆಯಾಗುತ್ತದೆ. ರಘುವಿನ 6 ಆಗ 5. ಈ ಬೈಂಡಿಂಗ್ 6ರ ಕೆಳಗೆ ಇಳಿಯುವುದೇ ಇಲ್ಲ.

ರಘು: ಸರಿ ಬಿಡು. ಗ್ರಿಫನ್ ಆದರೆ ಬ್ರೇಕ್ (ಬಿಚ್ಚಿದ ಸ್ಕೀ ಜಾರಿಹೋಗದಂತೆ ಎರಡೂ ಪಕ್ಕ ಇಳಿಯುವ ಕಡ್ಡಿಗಳು) ಎಷ್ಟು ಅಗಲದ್ದು? ನನ್ನ ಸ್ಕೀ ನಡುವೆ 88 ಮಿ.ಮೀ.

ವೀಣಾ: 90ರದ್ದು.