ರಾಕ್ ಬ್ಯಾಂಡ್ ಜೊತೆ ಸ್ಟೇಜ್ ಕೆಲಸಕ್ಕೆ ಹೋಗಲಾ? ಗೊತ್ತಿದ್ದವರು ಹೇಳಿ

ಪೊನ್ನಂಪೇಟೆ ಹುಡುಗ:
ಎರಡು ವರ್ಷದಿಂದ ಗೋಣಿಕೊಪ್ಪದಲ್ಲಿ ಒಂದು ಸೌಂಡ್ಸ್‌ನವರ ಹತ್ತಿರ ಇದ್ದೇನೆ. ಮದುವೆ, ದಸರಾ ಮಂಟಪ ಎಲ್ಲ ಮಾಡಿದ್ದೇನೆ. ಈಗ ಬೆಂಗಳೂರಿನ ಒಂದು ರಾಕ್ ಬ್ಯಾಂಡಿನವರು ಕರೆಯುತ್ತಿದ್ದಾರೆ. ಸಂಬಳ ಇಲ್ಲ, ಶೋಗೆ ಇಷ್ಟು ಅಂತ. ಅಪ್ಪ "ಕಾಫಿ ಕೊಯ್ಲು ಯಾರು ನೋಡ್ತಾರೆ?" ಅಂತಾರೆ. ಈ ಲೈನಿನಲ್ಲಿ ಇದ್ದವರು ಯಾರಾದರೂ ಇದ್ದೀರಾ?

ಮಾನಿಟರ್ ಮಾಮ:
ನಾನಿದ್ದೆ. ಒಂಬತ್ತು ವರ್ಷ. ಈಗ ವಿರಾಜಪೇಟೆ ಹತ್ತಿರ ತೋಟದಲ್ಲಿದ್ದೇನೆ.

2011ರ ಅಕ್ಟೋಬರ್ 30ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಲು ಇಲ್ಲಿಂದ ಬಸ್ ಹತ್ತಿದ್ದೆ. ಎಲ್ಲರೂ ಬ್ಯಾಂಡ್ ನೋಡುತ್ತಿದ್ದರೆ ನಾನು ಬದಿಯಲ್ಲಿ ಕಪ್ಪು ಅಂಗಿ ಹಾಕಿ ಓಡಾಡುವವರನ್ನೇ ನೋಡುತ್ತಿದ್ದೆ. ಹುಚ್ಚು ಹತ್ತಿದ್ದು ಅಲ್ಲಿ.

ದುಡ್ಡಿನ ವಿಷಯ ಮೊದಲು ಹೇಳಿಬಿಡ್ತೇನೆ. ಶೋ ರಾತ್ರಿ ಮೊದಲು ಹಣ ಎಣಿಸಿಕೊಳ್ಳುವವನು ಜನರೇಟರ್‌ನವನು. ಕೊಡದಿದ್ದರೆ ಆಫ್ ಮಾಡ್ತಾನೆ, ಅಷ್ಟೇ. ಆಮೇಲೆ ಲಾರಿ. ಆಮೇಲೆ ಸ್ಪೀಕರ್ ಬಾಡಿಗೆ. ಆಮೇಲೆ ಬ್ಯಾಂಡ್. ಏನಾದರೂ ಉಳಿದಿದ್ದರೆ ನಾವು. ಫೆಬ್ರವರಿಯ ಒಂದು ಕಾಲೇಜು ಫೆಸ್ಟಿನ ದುಡ್ಡು ನನಗೆ ಸಿಕ್ಕಿದ್ದು ಸೆಪ್ಟೆಂಬರಿನ ಹಬ್ಬ ಕೈಲ್‌ಮುಹೂರ್ತಕ್ಕೆ. ಅದೂ ಅರ್ಧ.

ನನ್ನದು ಮಾನಿಟರ್ ಕೆಲಸ. ಅಂದರೆ ಹಾಡುವವನ ಕಾಲ ಬಳಿ ಇರುವ ಸ್ಪೀಕರ್. ಪ್ರತಿಯೊಬ್ಬನಿಗೂ ತನ್ನದೇ ಜಾಸ್ತಿ ಕೇಳಬೇಕು. ಗಿಟಾರಿನವನು ತನ್ನ ಆಂಪ್ಲಿಫೈಯರ್ (ಆಂಪ್) ಏರಿಸ್ತಾನೆ, ಡ್ರಮ್ಮರ್ ಇನ್ನೂ ಜೋರಾಗಿ ಬಾರಿಸ್ತಾನೆ, ಹಾಡುವವನು ಕಣ್ಣಲ್ಲೇ ನನ್ನನ್ನು ಬೈತಾನೆ. ಅವನದನ್ನು ಏರಿಸಿದರೆ ಮೈಕು ಕೂಗುತ್ತೆ.

ಒಮ್ಮೆ ನಮ್ಮ ಕೊಡಗಲ್ಲೇ ಶೋ. ಒಂದು ರೆಸಾರ್ಟಿನ ಹುಲ್ಲುಹಾಸು, ಸಂಜೆ ಮಳೆ ಬಂದು ನಿಂತಿತ್ತು. ಗಿಟಾರಿನಲ್ಲಿ ಗುಂಯ್ ಅಂತ ಸದ್ದು, ಕರೆಂಟಿನದೇ 50 ಹರ್ಟ್ಸ್. ಕೇಬಲ್ ಎಲ್ಲ ಬದಲಾಯಿಸಿದೆ, ಹೋಗಲಿಲ್ಲ. ಒಬ್ಬ ಹುಡುಗ "ಅರ್ಥ್ ಪಿನ್ ಕಿತ್ತುಬಿಡೋಣ" ಅಂದ. ಯಾವತ್ತೂ ಹಾಗೆ ಮಾಡಬೇಡ. ಒದ್ದೆ ನೆಲ, ಕೈಯಲ್ಲಿ ಗಿಟಾರಿನ ತಂತಿ, ತುಟಿಗೆ ಮೈಕು, ಜೀವ ಹೋಗುತ್ತೆ. ಕೊನೆಗೆ ನೋಡಿದರೆ ಆಂಪಿಗೆ ಕಟ್ಟಡದಿಂದ ಕರೆಂಟ್ ಎಳೆದಿದ್ದಾರೆ, ಮಿಕ್ಸರಿಗೆ ಜನರೇಟರಿನಿಂದ. ಎರಡನ್ನೂ ಒಂದೇ ಕಡೆ ಹಾಕಿದೆ, ಸದ್ದು ನಿಂತಿತು. ಆಗ ಗಂಟೆ 9:20. ರಾತ್ರಿ 10ರ ಮೇಲೆ ಬಯಲಲ್ಲಿ ಸ್ಪೀಕರ್ ಹಾಕುವಂತಿಲ್ಲ, 2000ದಿಂದ ಇರುವ ನಿಯಮ. ಎರಡು ಗಂಟೆಯ ಶೋ ನಲವತ್ತು ನಿಮಿಷಕ್ಕೆ ಮುಗೀತು. ಅವತ್ತು ನಮ್ಮಪ್ಪ ಬಂದಿದ್ದರು. "ವಾಲಗದವರಿಗೆ ಇಷ್ಟು ವಯರ್ ಬೇಡ, ಅಲ್ವಾ?" ಅಂದರು.

ಮಡಿಕೇರಿ ಬೇಸ್:
ಮಾಮ ಹೇಳಿದ ದುಡ್ಡಿನ ಸರದಿ ನೂರಕ್ಕೆ ನೂರು ನಿಜ. ಬ್ಯಾಂಡಿನ ಕಡೆಯಿಂದ ಒಂದು ಮಾತು. ಹಾಡು ಬರೆದವರು, ರಾಗ ಹಾಕಿದವರಿಗೆ ಐಪಿಆರ್‌ಎಸ್ ಅನ್ನೋ ಸಂಘದ ಮೂಲಕ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಸಿಗುವ ಪಾಲು, ಬರುತ್ತೆ. 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಆ ಪಾಲನ್ನು ಕಂಪನಿಯವರು ಸುಮ್ನೆ ಬರೆಸಿಕೊಳ್ಳೋಕೆ ಆಗಲ್ಲ. ಆದರೆ ಕೇಬಲ್ ಸುತ್ತುವವನಿಗೆ ಅದರಲ್ಲಿ ಒಂದು ಪೈಸೆನೂ ಇಲ್ಲ. ಇನ್ನೊಂದು, ಮಳೆಗಾಲಕ್ಕೆ ಊರಿಗೆ ಬಂದರೆ ಗಿಟಾರ್ ಹೊರಗೆ ಇಡಬೇಡ. ನನ್ನ ಬೇಸ್ ಜುಲೈಯಲ್ಲಿ ಬೂಷ್ಟು ಹಿಡಿದು ಹಸಿರಾಗಿತ್ತು.

ಪೊನ್ನಂಪೇಟೆ ಹುಡುಗ:
ಮಾಮ, ಹಾಗಾದರೆ ಹೋಗಬೇಡ ಅಂತೀರಾ?

ಮಾನಿಟರ್ ಮಾಮ:
ಹೋಗು ತಮ್ಮ. ಅರ್ಧ ದುಡ್ಡು ಬಸ್ ಹತ್ತುವ ಮೊದಲೇ ಇಸಕೋ. ಮೊದಲ ಉಳಿತಾಯದಲ್ಲಿ ಎರಡು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ), ಒಂದಷ್ಟು ಒಳ್ಳೆ ಮೈಕ್ ಕೇಬಲ್ ತಗೊಂಡು ಅದೇ ಬ್ಯಾಂಡಿಗೆ ಬಾಡಿಗೆಗೆ ಕೊಡು. ಆಗ ನೀನೂ ಜನರೇಟರ್‌ನವನ ಪಕ್ಕ ನಿಲ್ತೀಯ. ನನಗೆ ಇದು ಹೊಳೆದದ್ದು ಏಳನೇ ವರ್ಷಕ್ಕೆ.

ತೋಟ ಅರೇಬಿಕಾನಾ? ಹಾಗಾದರೆ ಜನವರಿಗೆ ಕೊಯ್ಲು ಬಹುತೇಕ ಮುಗಿದಿರುತ್ತೆ. ನಮಗೆ ಫೆಸ್ಟ್ ಜಾಸ್ತಿ ಸಿಗ್ತಿದ್ದದ್ದು ಅದರ ನಂತರ.

ಪೊನ್ನಂಪೇಟೆ ಹುಡುಗ:
ರೋಬಸ್ಟಾ ಮಾಮ.